ಸಮ ಚಿಹ್ನೆಯಲ್ಲಿ ಕಳೆದುಹೋಗುವ ಅರ್ಥ

ಬೀದರ, ಭಾಲ್ಕಿ, ಔರಾದ, ಯಾವ ಊರಿನ ಪುಸ್ತಕದಂಗಡಿಗೆ ಹೋದರೂ ಇಂಗ್ಲಿಷ್ ವ್ಯಾಕರಣದ ಗೈಡುಗಳು ಸಿಗುತ್ತವೆ. ಅವುಗಳ ಕೊನೆಯ ಪುಟಗಳಲ್ಲಿ ‘ಸಮಾನಾರ್ಥಕ ಪದಗಳು’ ಎಂಬ ಪಟ್ಟಿ ಇದ್ದೇ ಇರುತ್ತದೆ. ‘ಬಿಗ್’ ಎಂದು ಬರೆದು, ಮುಂದೆ ಎರಡು ಅಡ್ಡಗೆರೆ ಎಳೆದು ‘ಲಾರ್ಜ್’ ಎಂದು ಬರೆದಿರುತ್ತಾರೆ. ಅದೇ ರೀತಿ ‘ಆಸ್ಕ್’ ಎಂದರೆ ‘ಇಂಟರಾಗೇಟ್’, ‘ಪಿಟಿ’ ಎಂದರೆ ‘ಮರ್ಸಿ’, ‘ವರ್ಕ್’ ಎಂದರೆ ‘ಲೇಬರ್’. ಆ ಎರಡು ಅಡ್ಡಗೆರೆ ಗಣಿತದಿಂದ ಬಂದ ಸಮ ಚಿಹ್ನೆ. ಗಣಿತದಲ್ಲಿ ಅದರ ಎಡದ್ದನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಇಡಬಹುದು, ಉತ್ತರ ಬದಲಾಗುವುದಿಲ್ಲ. ಭಾಷೆಯಲ್ಲಿ ಹಾಗೆ ಅದಲುಬದಲು ಮಾಡಿದರೆ ಪೊಲೀಸರು ವಿಚಾರಣೆ ಮಾಡುವುದೂ ಮಗು ಅಮ್ಮನ ಹತ್ತಿರ ರೊಟ್ಟಿ ಕೇಳುವುದೂ ಒಂದೇ ಆಗಿಬಿಡುತ್ತದೆ.

ಇದು ಪರೀಕ್ಷೆಯ ಎರಡು ಅಂಕಗಳ ಪ್ರಶ್ನೆ ಮಾತ್ರವಾಗಿದ್ದರೆ ಸಾಹಿತ್ಯದ ಪತ್ರಿಕೆಯಲ್ಲಿ ಚರ್ಚಿಸುವ ಅಗತ್ಯವಿರಲಿಲ್ಲ. ನನ್ನ ಮಟ್ಟಿಗೆ ಇದು ವಿಮರ್ಶೆಯ ಮೂಲ ಪ್ರಶ್ನೆ. ಕವಿ ಹತ್ತಿರದ ನಾಲ್ಕು ಪದಗಳಲ್ಲಿ ಮೂರನ್ನು ಬಿಟ್ಟು ಒಂದನ್ನೇ ಏಕೆ ಆರಿಸಿಕೊಂಡ ಎಂದು ಕೇಳುವಲ್ಲಿಂದಲೇ ಓದು ಶುರುವಾಗುತ್ತದೆ. ನಾಲ್ಕೂ ಒಂದೇ ಎಂದು ನಂಬಿದವನಿಗೆ ಆ ಪ್ರಶ್ನೆಯೇ ಹುಟ್ಟುವುದಿಲ್ಲ. ಭಾಲ್ಕಿ ಕಡೆ ಇಂಗ್ಲಿಷ್ ಕಲಿಸುತ್ತ ಕನ್ನಡ ಓದಿಕೊಂಡವನಾಗಿ ನನಗೆ ಕಂಡದ್ದು ಇನ್ನೂ ಒಂದಿದೆ. ಈ ಭೇದವನ್ನು ಗ್ರಹಿಸುವ ಶಕ್ತಿ ಇಲ್ಲಿನ ವಿದ್ಯಾರ್ಥಿಗಳಿಗೆ ಮನೆಯಿಂದಲೇ ಬಂದಿರುತ್ತದೆ. ಗೈಡು ಅದನ್ನು ಬಳಸಿಕೊಳ್ಳುವ ಬದಲು ಮರೆಸುತ್ತದೆ.

ಸಮೀಪಾರ್ಥದ ಪದಗಳ ವಿಷಯದಲ್ಲಿ ಎರಡು ಹಳೆಯ ದಾರಿಗಳಿವೆ. ಒಂದು ಕೂಡಿಸುವ ದಾರಿ, ಇನ್ನೊಂದು ಬಿಡಿಸುವ ದಾರಿ. ನಮ್ಮ ಅಮರಕೋಶ ಕೂಡಿಸುವ ಕೋಶ. ಒಂದು ವಸ್ತುವಿಗೆ ಇರುವ ಹೆಸರುಗಳನ್ನೆಲ್ಲ ಪದ್ಯದಲ್ಲಿ ಸೇರಿಸಿಕೊಡುತ್ತದೆ. ಇಂಗ್ಲಿಷಿನಲ್ಲಿ 1852ರಲ್ಲಿ ಬಂದ ಪೀಟರ್ ಮಾರ್ಕ್ ರೋಜೆಯ ಥೆಸಾರಸ್ ಕೂಡ ಅಂಥದೇ. ಆದರೆ ಇವೆರಡೂ ಪದಗಳು ಸಮವೆಂದು ಹೇಳುವುದಕ್ಕೆ ಹುಟ್ಟಿದವಲ್ಲ. ಪದಗಳ ಗುಣ ಬಲ್ಲವನಿಗೆ ಅವು ಬೇಕಾದಾಗ ನೆನಪಿಗೆ ಬರಲಿ ಎಂದು ಮಾಡಿದ ಉಗ್ರಾಣಗಳು. ಉಗ್ರಾಣದಲ್ಲಿ ಬೆಲ್ಲವೂ ಸಕ್ಕರೆಯೂ ಒಂದೇ ಸಾಲಿನಲ್ಲಿರುತ್ತವೆ. ಯಾವುದಕ್ಕೆ ಯಾವುದನ್ನು ಹಾಕಬೇಕೆಂಬುದು ಅಡುಗೆಯವರಿಗೆ ಗೊತ್ತಿರಬೇಕು.

ಬಿಡಿಸುವ ದಾರಿಯವರು ಬೇರೆ. ಫ್ರೆಂಚಿನಲ್ಲಿ ಗಾಬ್ರಿಯೆಲ್ ಜಿರಾರ್ 1718ರಲ್ಲೇ ಸಮಾನಾರ್ಥಕಗಳ ನಡುವಿನ ಅಂತರವನ್ನು ಕುರಿತು ಪುಸ್ತಕ ಬರೆದ. ಇಂಗ್ಲಿಷಿನಲ್ಲಿ ಡಾಕ್ಟರ್ ಜಾನ್ಸನ್ನನ ಗೆಳತಿಯಾಗಿದ್ದ ಹೆಸ್ಟರ್ ಪಿಯೋಜಿ 1794ರಲ್ಲಿ ‘ಬ್ರಿಟಿಷ್ ಸಿನಾನಿಮಿ’ ಪ್ರಕಟಿಸಿದಳು. ಇಟಲಿಯವನನ್ನು ಮದುವೆಯಾಗಿದ್ದ ಅವಳು ಇಂಗ್ಲಿಷ್ ಕಲಿಯುವ ಪರದೇಶದವರನ್ನು ಮನಸ್ಸಿನಲ್ಲಿಟ್ಟುಕೊಂಡು, ಮಾತಿನಲ್ಲಿ ಯಾವ ಪದವನ್ನು ಎಲ್ಲಿ ಆಡಬೇಕು ಎಂಬುದನ್ನು ಬಿಡಿಸಿ ಹೇಳಲು ಹೊರಟಿದ್ದಳು. 1816ರಲ್ಲಿ ಜಾರ್ಜ್ ಕ್ರ್ಯಾಬ್ ಅದೇ ಕೆಲಸವನ್ನು ಇನ್ನಷ್ಟು ದೊಡ್ಡದಾಗಿ ಮಾಡಿದ. ನಮ್ಮ ಗೈಡುಗಳು ರೋಜೆಯ ಉಗ್ರಾಣವನ್ನು ಅರ್ಧಮರ್ಧ ತಂದವು. ಪಿಯೋಜಿ ಮತ್ತು ಕ್ರ್ಯಾಬ್‌ ಅವರ ಕೈಗುಣವನ್ನು ತರಲಿಲ್ಲ.

ಇಂಗ್ಲಿಷಿನಲ್ಲಿ ಇಷ್ಟೊಂದು ಸಮೀಪಾರ್ಥದ ಪದಗಳು ಏಕಿವೆ? ಉತ್ತರ ಆ ನಾಡಿನ ಇತಿಹಾಸದಲ್ಲಿದೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅರಮನೆ, ನ್ಯಾಯಾಲಯ, ದೊಡ್ಡವರ ಊಟದ ಮನೆಗಳಲ್ಲಿ ಫ್ರೆಂಚ್ ಕೂತಿತು. ಮಠ ಮತ್ತು ವಿದ್ಯೆಯಲ್ಲಿ ಲ್ಯಾಟಿನ್ ಇತ್ತು. ಹೊಲ, ಕೊಟ್ಟಿಗೆ, ಅಡುಗೆಮನೆಗಳಲ್ಲಿ ಹಳೆಯ ಇಂಗ್ಲಿಷ್ ಉಳಿಯಿತು. ಹೀಗಾಗಿ ‘ಆಸ್ಕ್’ ಮನೆಮಾತು, ಫ್ರೆಂಚಿನಿಂದ ಬಂದ ‘ಕ್ವೆಶ್ಚನ್’ ಅಧಿಕಾರದ ಮಾತು, ಲ್ಯಾಟಿನ್ನಿನ ‘ಇಂಟರಾಗೇಟ್’ ಕಾಗದಪತ್ರದ ಮಾತು. ‘ಕಿಂಗ್ಲಿ’, ‘ರಾಯಲ್’, ‘ರೀಗಲ್’ ಎಂಬ ಮೂರಕ್ಕೂ ಇದೇ ವಂಶಾವಳಿ. ಅರ್ಥದ ತಿರುಳು ಒಂದಾದರೂ ಅವು ಬೇರೆಬೇರೆ ಬಾಗಿಲುಗಳಿಂದ ಒಳಗೆ ಬಂದಿವೆ.

ಈ ಕತೆ ಬೀದರಿನವರಿಗೆ ಹೊಸದಾಗಿ ಕಾಣಬಾರದು. 15ನೇ ಶತಮಾನದಲ್ಲಿ ಬಹಮನಿ ಸುಲ್ತಾನರು ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದಾಗ ದರ್ಬಾರಿನ ಮಾತು ಫಾರಸಿ. 1472ರಲ್ಲಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾದಲ್ಲಿ ಅರಬ್ಬಿ, ಫಾರಸಿ ವಿದ್ಯೆ. ನಿಜಾಮರ ಕಾಲಕ್ಕೆ ಕಚೇರಿ, ಶಾಲೆಗಳಲ್ಲಿ ಉರ್ದು. ಪಕ್ಕದಲ್ಲೇ ಮರಾಠಿ, ತೆಲುಗು. ಮಠ, ಪುರಾಣಗಳಲ್ಲಿ ಸಂಸ್ಕೃತ ಬೆರೆತ ಕನ್ನಡ. ಮನೆ, ಹೊಲಗಳಲ್ಲಿ ನಮ್ಮ ಮಾತು. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರೆಂಬುದನ್ನು ಈ ಭಾಗದಲ್ಲಿ ಇಂದಿಗೂ ನೆನೆಯುತ್ತಾರೆ. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿದು, 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯ ಸೇರಿತು. ಆದರೆ ಪದಗಳು ಆಡಳಿತದ ಜೊತೆ ಹೊರಟುಹೋಗುವುದಿಲ್ಲ. ಅವು ಉಳಿದು, ಕೆಲಸ ಹಂಚಿಕೊಂಡು ಬದುಕುತ್ತವೆ.

ನಮ್ಮಲ್ಲಿ ‘ಸುದ್ದಿ’ಯೂ ಇದೆ, ‘ಖಬರು’ ಕೂಡ ಇದೆ. ಉರ್ದುವಿನಲ್ಲಿ ಎರಡೂ ಒಂದೇ ಆಗಬೇಕಿತ್ತು. ಆದರೆ ‘ಅವಗ ಖಬರೇ ಇಲ್ಲ’ ಎಂದರೆ ಅವನಿಗೆ ಎಚ್ಚರವಿಲ್ಲ, ಅರಿವಿಲ್ಲ ಎಂದು. ಅಲ್ಲಿ ‘ಸುದ್ದಿ’ ಇಟ್ಟರೆ ಮಾತು ಕೆಡುತ್ತದೆ. ಹಾಗೆಯೇ ಮನೆ ಬೇರೆ, ವಾಡೆ ಬೇರೆ, ಮಹಲು ಬೇರೆ. ತರಗತಿಯಲ್ಲಿ ಒಮ್ಮೆ ‘ಲೋನ್’, ‘ಡೆಟ್’, ‘ಕ್ರೆಡಿಟ್’ ಎಂಬ ಮೂರು ಪದ ಬಂದವು. ಗೈಡು ಮೂರಕ್ಕೂ ‘ಸಾಲ’ ಎಂದಿತ್ತು. ಉದ್ರಿ, ಕೈಗಡ, ಸಾಲ ಮೂರೂ ಒಂದೇ ಏನು ಎಂದು ಕೇಳಿದೆ. ಔರಾದ ಕಡೆಯ ಹುಡುಗಿಯೊಬ್ಬಳು ಥಟ್ಟನೆ ಅಂದಳು:

“ಒಂದ್ಯಾಕ ಆಗ್ತಾವ್ರಿ ಸರ್? ಉದ್ರಿ ಕಿರಾಣಿ ಅಂಗಡ್ಯಾಗ ಇರ್ತದ. ಕೈಗಡ ಗುರ್ತಿನವರ ಬಲ್ಲಿ ತಗೋತೀವಿ, ಬಡ್ಡಿ ಇರಂಗಿಲ್ಲ. ಸಾಲ ಅಂದ್ರ ಕಾಗದ ಆಗ್ತದ, ಬಡ್ಡಿ ಬೀಳ್ತದ.”

ಕ್ರ್ಯಾಬ್‌ ಕೂಡ ಇದಕ್ಕಿಂತ ಚೆನ್ನಾಗಿ ಬಿಡಿಸಲಾರ. ಕೊಟ್ಟವನು ಯಾರು, ನಂಬಿಕೆ ಎಷ್ಟು, ಕಾಗದ ಇದೆಯೋ ಇಲ್ಲವೋ ಎಂಬ ಮೂರು ಅಳತೆಗೋಲುಗಳನ್ನು ಅವಳು ಒಂದೇ ಉಸಿರಿನಲ್ಲಿ ಇಟ್ಟಿದ್ದಳು. ಅಂಗಡಿಯವನು ನಂಬಿ ಕೊಡುವುದು ‘ಕ್ರೆಡಿಟ್’, ಬ್ಯಾಂಕು ಕೊಟ್ಟ ಮೊತ್ತ ‘ಲೋನ್’, ನಮ್ಮ ತಲೆಯ ಮೇಲೆ ಉಳಿದ ಹೊರೆ ‘ಡೆಟ್’ ಎಂದು ಹೇಳಿದಾಗ ಇಡೀ ತರಗತಿಗೆ ಅರ್ಥವಾಯಿತು. ಇಂಗ್ಲಿಷಿನ ಭೇದವನ್ನು ಕಲಿಸಬೇಕಾದದ್ದು ಮಕ್ಕಳ ಮನೆಮಾತಿನ ಭೇದದ ಮೂಲಕವೇ.

ಈ ಭೇದಗಳು ಎಷ್ಟು ಬೆಲೆಬಾಳುತ್ತವೆ ಎಂಬುದಕ್ಕೆ ಬೀದರ ನಗರದಲ್ಲೇ ಒಂದು ಉದಾಹರಣೆ ಇದೆ. ಅದು ಬಿದರಿ ಕಲೆ. 2006ರಲ್ಲಿ ಭೌಗೋಳಿಕ ಗುರುತು ಪಡೆದ, 2023ರಲ್ಲಿ ಶಾ ರಶೀದ್ ಅಹಮದ್ ಖಾದ್ರಿ ಅವರ ಮೂಲಕ ಪದ್ಮಶ್ರೀ ಗೌರವ ಕಂಡ ಕಲೆ ಇದು. ಇದರ ಬಗ್ಗೆ ಇಂಗ್ಲಿಷಿನಲ್ಲಿ ಬರೆಯುವಾಗ ‘ಎಂಗ್ರೇವ್’, ‘ಕಾರ್ವ್’, ‘ಎಂಬಾಸ್’, ‘ಎಚ್’, ‘ಇನ್‌ಲೇ’, ‘ಪ್ಲೇಟ್’ ಎಂಬ ಆರು ಪದಗಳನ್ನು ಬೇಕಾದಂತೆ ಬಳಸಿಬಿಡುವುದು ಸುಲಭ. ಕನ್ನಡದಲ್ಲೂ ಎಲ್ಲವನ್ನೂ ‘ಕೆತ್ತನೆ’ ಅಥವಾ ‘ಕುಸುರಿ’ ಎಂದು ಮುಗಿಸಿಬಿಡುತ್ತೇವೆ.

ಕೆಲಸ ನಡೆಯುವ ಕ್ರಮ ನೋಡಿದರೆ ಆರು ಪದಗಳೂ ಬೇರೆಯಾಗುತ್ತವೆ. ಹೆಚ್ಚು ಪಾಲು ಸತು, ಸ್ವಲ್ಪ ತಾಮ್ರ ಸೇರಿಸಿ ಕರಗಿಸಿ ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಆಮೇಲೆ ಉಜ್ಜಿ ನುಣುಪು ಮಾಡಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ. ಕಪ್ಪಿನ ಮೇಲೆ ಗೆರೆ ಎದ್ದು ಕಾಣಲಿ ಎಂದು. ಆ ಮೇಲೆ ಚಿತ್ತಾರ ಬರೆದು ಸಣ್ಣ ಉಳಿಯಿಂದ ಗೆರೆ ಕೊರೆಯುತ್ತಾರೆ. ಇದು ‘ಎಂಗ್ರೇವ್’: ಮೇಲ್ಮೈಯಲ್ಲಿ ಗೆರೆ ಕೊರೆಯುವುದು. ‘ಕಾರ್ವ್’ ಅಲ್ಲ, ಏಕೆಂದರೆ ಅದು ಕಲ್ಲನ್ನೋ ಮರವನ್ನೋ ಕಡಿದು ಆಕಾರವನ್ನೇ ಹೊರತೆಗೆಯುವುದು. ‘ಎಚ್’ ಅಲ್ಲ, ಅಲ್ಲಿ ಆಮ್ಲ ಲೋಹವನ್ನು ತಿನ್ನುತ್ತದೆ. ‘ಎಂಬಾಸ್’ ಅಲ್ಲ, ಅದರಲ್ಲಿ ಚಿತ್ರ ಉಬ್ಬಿ ಬರುತ್ತದೆ. ಕೊರೆದ ಗೆರೆಯೊಳಗೆ ಬೆಳ್ಳಿಯ ತಂತಿಯನ್ನೋ ತಗಡನ್ನೋ ಇಟ್ಟು ಸುತ್ತಿಗೆಯಿಂದ ಬಡಿದು ಕೂರಿಸುತ್ತಾರೆ. ಇದು ‘ಇನ್‌ಲೇ’. ಒಂದು ಲೋಹದ ಮೈಯೊಳಗೆ ಇನ್ನೊಂದು ಹುದುಗಿ ಎರಡೂ ಒಂದೇ ಮಟ್ಟಕ್ಕೆ ನಿಲ್ಲುವುದು. ಕುಶಲಕರ್ಮಿಗಳ ಬಾಯಲ್ಲಿ ತಂತಿಯ ಕೆಲಸ ತಾರಕಶಿ; ತಗಡಿನ ಕೆಲಸಕ್ಕೆ ಬೇರೆಯದೇ ಹೆಸರು. ಅವರು ಇವೆರಡನ್ನೂ ಕಲಸುವುದಿಲ್ಲ, ಏಕೆಂದರೆ ಎರಡರ ಶ್ರಮವೂ ಬೆಳ್ಳಿಯ ತೂಕವೂ ಬೇರೆ.

ಕೊನೆಗೆ ಬೀದರ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಕುದಿಸಿದ ನೀರಿನಲ್ಲಿ ವಸ್ತುವನ್ನು ಹಾಕುತ್ತಾರೆ. ಸತು ಬೆರೆತ ಲೋಹ ಕಡುಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಇದನ್ನು ‘ಪೇಂಟ್’ ಎಂದರೂ ತಪ್ಪು, ‘ಡೈ’ ಎಂದರೂ ತಪ್ಪು. ಬಣ್ಣ ಹೊರಗಿನಿಂದ ಬಂದು ಕೂತಿಲ್ಲ, ಲೋಹದ ಮೈಯೇ ಬದಲಾಗಿದೆ. ಇಂಗ್ಲಿಷಿನಲ್ಲಿ ಅದಕ್ಕೆ ‘ಪಟಿನಾ’ ಎಂಬ ಪದವಿದೆ.

ಈಗ ‘ಸಿಲ್ವರ್ ಪ್ಲೇಟೆಡ್’ ಎಂದು ಒಂದು ಚೀಟಿ ಅಂಟಿಸಿದರೆ ಏನಾಗುತ್ತದೆ ನೋಡಿ. ‘ಪ್ಲೇಟ್’ ಎಂದರೆ ಅಗ್ಗದ ಲೋಹದ ಮೇಲೆ ಬೆಳ್ಳಿಯ ತೆಳು ಲೇಪ. ಓದಿದ ಕೂಡಲೇ ಕೊಳ್ಳುವವನ ಮನಸ್ಸಿನಲ್ಲಿ ಯಂತ್ರದ ತೊಟ್ಟಿಯಲ್ಲಿ ಮುಳುಗಿ ಬಂದ ಸಾಮಾನು ಮೂಡುತ್ತದೆ. ಒಂದೊಂದೇ ಗೆರೆ ಕೊರೆದು, ಒಂದೊಂದೇ ತಂತಿ ಬಡಿದು ಕೂರಿಸಿದ ಕೈ ಆ ಪದದಲ್ಲಿ ಅಳಿಸಿಹೋಗುತ್ತದೆ. ‘ಎಂಗ್ರೇವ್ಡ್ ಸಿಲ್ವರ್’ ಎಂದರೂ ಹಾಗೆಯೇ. ಕೊರೆದದ್ದು ಬೆಳ್ಳಿಯನ್ನಲ್ಲ, ಬೆಳ್ಳಿಗಾಗಿ ಜಾಗವನ್ನು. ಪದ ತಪ್ಪಿದಾಗ ಕಡಿಮೆಯಾಗುವುದು ಭಾಷೆಯ ಸೊಗಸಷ್ಟೇ ಅಲ್ಲ, ಕೂಲಿಯೂ ಸಹ.

ನೌಬಾದಿನ ಕಾರೇಜದ್ದೂ ಇದೇ ಕತೆ. ಬಹಮನಿ ಕಾಲದಲ್ಲಿ ಇರಾನಿನ ವಿದ್ಯೆಯಿಂದ ನೆಲದಡಿ ಕೊರೆದ ಈ ಜಲಮಾರ್ಗವನ್ನು ಜನ ಸುರಂಗ ಬಾವಿ ಎನ್ನುತ್ತಾರೆ. ಸುರಂಗವೂ ಹೌದು, ಬಾವಿಯೂ ಹೌದು ಎಂದು ಎರಡು ಪದ ಜೋಡಿಸಿ ಸರಿಯಾಗಿ ಹೆಸರಿಟ್ಟಿದ್ದಾರೆ. ಇಂಗ್ಲಿಷಿಗೆ ಹೋಗುವಾಗ ಬರೀ ‘ಟನಲ್’ ಎಂದರೆ ನೀರು ಮಾಯವಾಗುತ್ತದೆ. ‘ಕೆನಾಲ್’ ಎಂದರೆ ತೆರೆದ ಕಾಲುವೆಯಾಗುತ್ತದೆ. ‘ಡ್ರೇನ್’ ಎಂದರೆ ಕುಡಿಯುವ ನೀರು ಕೊಳಚೆಯಾಗುತ್ತದೆ. ಮೂರೂ ನಿಘಂಟಿನಲ್ಲಿ ಅಕ್ಕಪಕ್ಕದ ಪದಗಳೇ.

ಔರಾದದ ರೈತನಿಗೆ ಬಂದರೆ ಇದು ಹಕ್ಕಿನ ಪ್ರಶ್ನೆಯಾಗುತ್ತದೆ. ಸೋಯಾವೋ ಉದ್ದೋ ಮಳೆಯಲ್ಲಿ ಕೊಳೆತಾಗ, ಕಂತು ಕಟ್ಟಿದ ಬೆಳೆವಿಮೆಗೆ ಅವನ ಮಗ ಇಂಗ್ಲಿಷಿನಲ್ಲಿ ಕಾಗದ ಬರೆಯುತ್ತಾನೆ ಎನ್ನಿ. ‘ರಿಕ್ವೆಸ್ಟ್’ ಎಂದರೆ ಕೊಟ್ಟರೂ ಕೊಡದಿದ್ದರೂ ಎದುರಿನವರ ಮರ್ಜಿ. ‘ಅಪೀಲ್’ ಎಂದರೆ ಒಂದು ತೀರ್ಮಾನ ಆಗಲೇ ಆಗಿದೆ, ಅದನ್ನು ಮೇಲಿನವರು ಮತ್ತೆ ನೋಡಲಿ ಎಂದು. ‘ಕಂಪ್ಲೇಂಟ್’ ಎಂದರೆ ಯಾರದೋ ತಪ್ಪಿನ ಮೇಲೆ ದೂರು. ‘ಕ್ಲೇಮ್’ ಎಂದರೆ ಇದು ನನಗೆ ಬರಬೇಕಾದದ್ದು, ಕೊಡಿ ಎಂದು. ಗೈಡಿನಲ್ಲಿ ಇವೆಲ್ಲ ‘ಕೇಳಿಕೊಳ್ಳುವುದು’. ನಮ್ಮ ಮಾತಿನಲ್ಲಿ ಅರ್ಜಿ, ವಿನಂತಿ, ದೂರು, ತಕರಾರು, ಹಕ್ಕು ಎಂಬ ಭೇದ ಸ್ಪಷ್ಟವಾಗಿಯೇ ಇದೆ. ‘ಕ್ಲೇಮ್’ ಇರಬೇಕಾದಲ್ಲಿ ‘ರಿಕ್ವೆಸ್ಟ್’ ಬರೆಯುವುದನ್ನು ಕಲಿಸಿದಾಗ ನಾವು ಮಕ್ಕಳಿಗೆ ವಿನಯವನ್ನಲ್ಲ, ಹಕ್ಕನ್ನು ಬೇಡಿ ಪಡೆಯುವ ಅಭ್ಯಾಸವನ್ನು ಕಲಿಸುತ್ತಿರುತ್ತೇವೆ.

ಇನ್ನು ಸಾಹಿತ್ಯಕ್ಕೆ ಬರೋಣ. ಈ ಜಿಲ್ಲೆಯದೇ ಆದ ಕಲ್ಯಾಣದಲ್ಲಿ 12ನೇ ಶತಮಾನದ ಶರಣರು ಹೊಸ ಪದಗಳನ್ನು ರೂಢಿಗೆ ತಂದದ್ದು ಏಕೆ? ಹಳೆಯ ಪದಗಳು ಸಮವಲ್ಲವೆಂದು ಕಂಡದ್ದರಿಂದ. ದಾನ ಇದ್ದಾಗಲೂ ಅವರಿಗೆ ದಾಸೋಹ ಬೇಕಾಯಿತು. ದಾನದಲ್ಲಿ ಕೊಡುವವನ ಕೈ ಮೇಲೆ. ದಾಸೋಹದಲ್ಲಿ ಕೊಡುವವನೇ ಸೇವಕ. ಇದನ್ನು ಇಂಗ್ಲಿಷಿನಲ್ಲಿ ‘ಚ್ಯಾರಿಟಿ’ ಎಂದು ಬರೆದ ತಕ್ಷಣ ಶರಣರು ಕೆಳಗಿಳಿಸಿದ ಕೈ ಮತ್ತೆ ಮೇಲೆ ಹೋಗುತ್ತದೆ.

ಕಾಯಕದ ಗತಿಯೂ ಹೀಗೇ ಆಗಿದೆ. ಕಾಯಕಕ್ಕೂ ಕೈಲಾಸಕ್ಕೂ ಭೇದವಿಲ್ಲವೆಂದ ಆಯ್ದಕ್ಕಿ ಮಾರಯ್ಯನ ಮಾತಿಗೆ ಇಂಗ್ಲಿಷ್ ರೂಪವೆಂದು ‘ವರ್ಕ್ ಈಸ್ ವರ್ಶಿಪ್’ ಎಂಬ ನಾಣ್ಣುಡಿಯನ್ನು ಬೋರ್ಡುಗಳ ಮೇಲೆ ಬರೆಸುತ್ತೇವೆ. ಅದು ಕ್ರೈಸ್ತ ಮಠಗಳ ಪರಂಪರೆಗೆ ಸೇರಿದ ಲ್ಯಾಟಿನ್ ಮಾತಿನ ಇಂಗ್ಲಿಷ್ ರೂಪ. 1843ರಲ್ಲಿ ಥಾಮಸ್ ಕಾರ್ಲೈಲ್ ತನ್ನ ಪುಸ್ತಕದಲ್ಲಿ ಬಳಸಿದ್ದ. ಮಾತು ಒಳ್ಳೆಯದೇ. ಆದರೆ ಅಲ್ಲಿ ಕೆಲಸವನ್ನು ಪೂಜೆಗೆ ಹೋಲಿಸಲಾಗಿದೆ. ಶರಣನ ಮಾತಿನಲ್ಲಿ ಕಾಯಕವನ್ನು ಪೂಜೆಗೆ ಹೋಲಿಸಿಲ್ಲ. ಪೂಜೆ ಮಾಡಿ ಮುಟ್ಟಬೇಕಾದ ಜಾಗವೇ ಕಾಯಕದೊಳಗೆ ಇದೆ ಎನ್ನುತ್ತಾನೆ ಅವನು. ಮತ್ತೆ, ‘ವರ್ಕ್’ ಯಾವುದೂ ಆಗಬಹುದು. ‘ಲೇಬರ್’ನಲ್ಲಿ ದುಡಿಮೆಯ ಭಾರವಿದೆ, ‘ಟಾಯ್ಲ್’ನಲ್ಲಿ ಸಂಕಟವಿದೆ, ‘ಜಾಬ್’ನಲ್ಲಿ ಸಂಬಳವಿದೆ, ‘ವೊಕೇಶನ್’ನಲ್ಲಿ ದೇವರ ಕರೆ ಇದೆ. ಕಾಯಕದಲ್ಲಿ ಕಾಯ ಇದೆ, ಮೈ ಇದೆ. ಸಿಕ್ಕಿದ್ದನ್ನು ಹಂಚಿ ಉಣ್ಣುವ ನಿಯಮವೂ ಇದೆ. ಇಂಗ್ಲಿಷಿನ ಯಾವ ಒಂದು ಪದವೂ ಈ ಎರಡನ್ನೂ ಹೊರುವುದಿಲ್ಲ. ಹೀಗಿದ್ದಾಗ ಕಾಯಕವೆಂದೇ ಉಳಿಸುವುದು ಸೋಲಲ್ಲ. ಎಲ್ಲ ಪದಗಳನ್ನೂ ತೂಗಿ ನೋಡಿದ ಮೇಲಿನ ತೀರ್ಮಾನ ಅದು.

ಮಾರಯ್ಯನ ಹೆಂಡತಿ ಲಕ್ಕಮ್ಮನ ಕತೆ ಎಲ್ಲರಿಗೂ ಗೊತ್ತು. ನೆಲದ ಮೇಲೆ ಚೆಲ್ಲಿದ ಅಕ್ಕಿ ಆಯ್ದು ತರುವುದು ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ತಂದ. ಲಕ್ಕಮ್ಮ ಅದನ್ನು ಗುರುತಿಸಿ, ಹೆಚ್ಚಾದುದನ್ನು ಅಲ್ಲೇ ಚೆಲ್ಲಿ ಬಾ ಎಂದಳು. ನನ್ನ ಪಾಲಿಗೆ ಇದು ‘ನೀಡ್’, ‘ವಾಂಟ್’, ‘ಡಿಸೈರ್’, ‘ಗ್ರೀಡ್’ ಎಂಬ ನಾಲ್ಕು ಪದಗಳ ಮೇಲಿನ ಅತ್ಯುತ್ತಮ ಪಾಠ. ಗೈಡಿನ ಪ್ರಕಾರ ನಾಲ್ಕೂ ‘ಬಯಕೆ’ಯ ಸುತ್ತ ಬರುವ ಪದಗಳು. ಲಕ್ಕಮ್ಮನಿಗೆ ಮಾತ್ರ ಒಂದು ಹಿಡಿ ಅಕ್ಕಿಯ ಅಂತರದಲ್ಲಿ ಅಗತ್ಯ ಎಲ್ಲಿ ಮುಗಿಯಿತು, ಆಸೆ ಎಲ್ಲಿ ಶುರುವಾಯಿತು ಎಂಬುದು ಕಂಡಿತು. ಹತ್ತಿರದ ಅರ್ಥಗಳನ್ನು ಬಿಡಿಸುವುದು ಪಂಡಿತರ ಚಟವಲ್ಲ, ನೀತಿಯ ಕೆಲಸ ಎಂದು ನಾನು ಹೇಳುವುದು ಇದಕ್ಕೇ.

ಬಸವಣ್ಣ ಧರ್ಮದ ಬುಡದಲ್ಲಿಟ್ಟ ದಯೆಯನ್ನೂ ಇದೇ ತಕ್ಕಡಿಯಲ್ಲಿ ತೂಗಬೇಕು. ‘ಪಿಟಿ’ ಎಂದರೆ ಮೇಲಿಂದ ಕೆಳಗೆ ನೋಡುವ ಮರುಕ. ‘ಮರ್ಸಿ’ ಎಂದರೆ ಶಿಕ್ಷಿಸುವ ಅಧಿಕಾರ ಇದ್ದವನು ಬಿಟ್ಟುಬಿಡುವುದು. ಅಲ್ಲಿ ಎದುರಿನವನು ಆಗಲೇ ಅಪರಾಧಿ. ‘ಕೈಂಡ್‌ನೆಸ್’ ದಿನನಿತ್ಯದ ಒಳ್ಳೆಯತನ. ‘ಎಂಪಥಿ’ ತೀರ ಹೊಸದು, ಜರ್ಮನ್ ಪದವೊಂದಕ್ಕೆ ಸಾಟಿಯಾಗಿ 20ನೇ ಶತಮಾನದ ಮೊದಲಲ್ಲಿ ಮನಶ್ಶಾಸ್ತ್ರದವರು ಮಾಡಿಕೊಂಡದ್ದು. ಮೂಲದಲ್ಲಿ ‘ಜೊತೆಗೂಡಿ ನೋಯುವುದು’ ಎಂಬ ಅರ್ಥದ ‘ಕಂಪ್ಯಾಶನ್’ ಎಲ್ಲಕ್ಕಿಂತ ಹತ್ತಿರ ಬರುತ್ತದೆ. ಸಕಲ ಜೀವಿಗಳ ಕಡೆಗಿನ ದಯೆಯ ಜಾಗದಲ್ಲಿ ‘ಮರ್ಸಿ’ ಇಟ್ಟರೆ ಶರಣ ನ್ಯಾಯಾಧೀಶನಾಗುತ್ತಾನೆ, ಜೀವಿಗಳು ಆರೋಪಿಗಳಾಗುತ್ತವೆ.

ಎ.ಕೆ. ರಾಮಾನುಜನ್ 1973ರ ‘ಸ್ಪೀಕಿಂಗ್ ಆಫ್ ಶಿವ’ದಲ್ಲಿ ಇಂಥ ಆಯ್ಕೆಗಳನ್ನು ಸಾಲು ಸಾಲಿಗೂ ಎದುರಿಸಿದರು. ಸ್ಥಾವರ, ಜಂಗಮಗಳಿಗೆ ನಿಲ್ಲುವುದು, ಚಲಿಸುವುದು ಎಂಬ ಚಿಕ್ಕ, ಸರಳ ಮನೆಮಾತುಗಳನ್ನು ಹಿಡಿದದ್ದು ದೊಡ್ಡ ವಿವೇಕ. ಭಾರದ ಪದಗಳನ್ನು ಇಟ್ಟಿದ್ದರೆ ವಚನ ಶಾಸ್ತ್ರಗ್ರಂಥವಾಗುತ್ತಿತ್ತು. ಆದರೆ ಅಂಕಿತಗಳಲ್ಲಿ ಅವರು ಆರಿಸಿದ ‘ಲಾರ್ಡ್’ ಪದ ಬೇರೆ ದಾರಿ ಹಿಡಿಯುತ್ತದೆ. ಅದರಲ್ಲಿ ಒಡೆಯನೂ ಇದ್ದಾನೆ, ಇಂಗ್ಲೆಂಡಿನ ಜಮೀನ್ದಾರನೂ ಇದ್ದಾನೆ, ಬೈಬಲ್ಲಿನ ಪ್ರಭುವೂ ಇದ್ದಾನೆ. ತೇಜಸ್ವಿನಿ ನಿರಂಜನ 1992ರ ‘ಸೈಟಿಂಗ್ ಟ್ರಾನ್ಸ್‌ಲೇಶನ್’ ಪುಸ್ತಕದಲ್ಲಿ ರಾಮಾನುಜನ್ ಅವರ ಅನುವಾದವನ್ನು ಪ್ರಶ್ನಿಸಿದಾಗ, ವಚನಗಳು ಪಶ್ಚಿಮದ ಓದುಗನಿಗೆ ತೀರ ಪರಿಚಿತವಾಗಿಬಿಡುವ ಬಗೆ ಅವರ ಆಕ್ಷೇಪದಲ್ಲಿತ್ತು. ನಾನು ಆ ಆಕ್ಷೇಪವನ್ನು ಪೂರ್ತಿ ಒಪ್ಪುವುದಿಲ್ಲ. ರಾಮಾನುಜನ್ ಇಲ್ಲದಿದ್ದರೆ ಎಷ್ಟೋ ಓದುಗರಿಗೆ ವಚನಗಳೇ ಸಿಗುತ್ತಿರಲಿಲ್ಲ. ಆದರೂ ಆ ಜಗಳ ನಮಗೆ ಬೇಕು. ಒಂದು ಪದದ ಜಾಗದಲ್ಲಿ ಅದರ ನೆರೆಯ ಪದ ಕೂತಾಗ ಏನು ಬದಲಾಗುತ್ತದೆ ಎಂದು ಇಬ್ಬರು ಗಂಭೀರ ಓದುಗರು ವಾದಿಸಬಹುದು ಎಂಬುದನ್ನು ಅದು ತೋರಿಸುತ್ತದೆ.

ಇಷ್ಟೆಲ್ಲ ಸೂಕ್ಷ್ಮ ಯಾರಿಗೆ ಬೇಕು, ಮಾತು ತಿಳಿದರೆ ಸಾಲದೇ ಎನ್ನುವವರಿದ್ದಾರೆ. ಇಂಗ್ಲಿಷರೇ ‘ಬಿಗ್’, ‘ಲಾರ್ಜ್’ ಬೆರೆಸಿ ಆಡುತ್ತಾರೆ ಎಂಬುದೂ ನಿಜ. ಎಲ್ಲ ಭೇದಗಳೂ ಕಾಪಾಡಲು ಯೋಗ್ಯವೆಂದು ನಾನೂ ಹೇಳುವುದಿಲ್ಲ. ಕೆಲವು ವ್ಯಾಕರಣದವರ ಹಟ, ಕೆಲವು ಕಾಲ ಕಳೆದಂತೆ ಸವೆದುಹೋಗುವಂಥವು. ಆದರೆ ‘ಬಿಗ್ ಬ್ರದರ್’ ಎಂದರೆ ಅಣ್ಣ, ‘ಲಾರ್ಜ್ ಬ್ರದರ್’ ಎಂದರೆ ದಪ್ಪಗಿನ ಸಹೋದರ. ಬೆರೆಸಿ ಆಡುವವನಿಗೂ ಎಲ್ಲಿ ಬೆರೆಸಬಾರದೆಂಬುದು ಗೊತ್ತಿರುತ್ತದೆ. ಕಲಿಯುವವನಿಗೆ ಹೇಳಿಕೊಡಬೇಕಾದದ್ದು ಆ ಗಡಿಯನ್ನೇ.

ವಿದ್ಯಾರ್ಥಿಗಳಿಗೆ ನಾನು ಹೇಳುವುದು ಮೂರು ಪ್ರಶ್ನೆ. ಈ ಪದ ಯಾರು ಯಾರಿಗೆ ಆಡುವಂಥದು, ಮೇಲಿನವರು ಕೆಳಗಿನವರಿಗೋ, ಸರೀಕರು ಸರೀಕರಿಗೋ? ಇದರ ಪಕ್ಕ ಸಹಜವಾಗಿ ಬರುವ ಪದ ಯಾವುದು? ಇದನ್ನು ತೆಗೆದು ನೆರೆಯ ಪದ ಇಟ್ಟರೆ ಯಾರಿಗೆ ನಷ್ಟ? ಮೂರನೆಯದೇ ಮುಖ್ಯ. ಮೂರಕ್ಕೂ ಉತ್ತರ ಮೊದಲು ನಿಮ್ಮ ಮನೆಮಾತಿನಲ್ಲಿ ಹುಡುಕಿ, ಉರ್ದುವಾಗಲಿ ಮರಾಠಿಯಾಗಲಿ ಕನ್ನಡವಾಗಲಿ. ಆಮೇಲೆ ಇಂಗ್ಲಿಷಿಗೆ ಹೋಗಿ. ಗೈಡಿನಲ್ಲಿ ಸಮ ಚಿಹ್ನೆ ಕಂಡ ಕಡೆಯಲ್ಲೆಲ್ಲ ಪೆನ್ಸಿಲ್ಲಿನಿಂದ ಒಂದು ಓರೆಗೆರೆ ಎಳೆಯಿರಿ. ಗಣಿತದಲ್ಲಿ ಅದಕ್ಕೆ ‘ಸಮವಲ್ಲ’ ಎಂದು ಅರ್ಥ. ಭಾಷೆಯ ಓದು ಅಲ್ಲಿಂದ ಮುಂದಕ್ಕೆ.